ಲಘು ವ್ಯವಹಾರ ದಾವೆಗಳ ಗೈರುಹಾಜರಿ ವಜಾ

ಗೈರುಹಾಜರಿ ವಜಾ ಎಂದರೆ, ದಾವೆ ಹೂಡಿದ ವಾದಿ ಕರೆದ ದಿನ ಹಾಜರಾಗದಿದ್ದಾಗ ಅಥವಾ ದಾವೆ ಮುಂದೆ ಸಾಗಲು ತಾನು ಮಾಡಬೇಕಾದ ಕೆಲಸವನ್ನು ಗೊತ್ತುಪಡಿಸಿದ ವೇಳೆಯೊಳಗೆ ಮಾಡದಿದ್ದಾಗ, ವ್ಯಾಜ್ಯದ ಸರಿತಪ್ಪುಗಳನ್ನು ತೀರ್ಮಾನಿಸದೆ ನ್ಯಾಯಾಲಯವು ದಾವೆಯನ್ನು ಕೊನೆಗೊಳಿಸುವ ಆದೇಶ. ಸಣ್ಣ ಮೊತ್ತದ ಸಾಲ, ಬಾಡಿಗೆ ಬಾಕಿ, ಸರಕಿನ ಹಣ, ಕೂಲಿ ಮುಂತಾದ ಲಘು ವ್ಯವಹಾರದ ದಾವೆಗಳಲ್ಲಿ ಇದರ ಪೆಟ್ಟು ಹೆಚ್ಚು. ತಪ್ಪಿದ ದಾವೆಗೆ ಮರುಜೀವ ಕೊಡುವ ಖರ್ಚು ಬರಬೇಕಾದ ಹಣಕ್ಕೆ ಸಮನಾಗುವುದೂ ಉಂಟು. ಭಾರತದಲ್ಲಿ ಇದಕ್ಕೆ ಆಧಾರ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 9 ಮತ್ತು 17ನೇ ಆದೇಶಗಳು, 1963ರ ಕಾಲಪರಿಮಿತಿ ಕಾಯ್ದೆ ಹಾಗೂ ಕರ್ನಾಟಕದ ಮಟ್ಟಿಗೆ 1964ರ ಕರ್ನಾಟಕ ಲಘು ವ್ಯವಹಾರ ನ್ಯಾಯಾಲಯಗಳ ಕಾಯ್ದೆ.

ಪರಿಭಾಷೆ

ಸಂಹಿತೆಯಲ್ಲಿ ‘ಆದೇಶ’ ಎಂಬ ಮಾತು ಎರಡು ಅರ್ಥದಲ್ಲಿ ಬರುತ್ತದೆ: ನ್ಯಾಯಾಧೀಶರು ಹೊರಡಿಸುವ ಆದೇಶ ಒಂದು, ಸಂಹಿತೆಯ ಮೊದಲ ಅನುಸೂಚಿಯ ಅಧ್ಯಾಯ ಇನ್ನೊಂದು. ಇಲ್ಲಿ ಅಂಕಿಯೊಂದಿಗೆ ಬಂದಾಗ ಅದು ಅಧ್ಯಾಯ ಎಂದು ತಿಳಿಯಬೇಕು.

‘ವಜಾ’ ಎನ್ನುವುದು ಗುಣದೋಷ ವಿಚಾರಣೆಯ ಬಳಿಕ ವಾದಿ ಸೋತಾಗಲೂ ಬರುವ ಪದ. ಗೈರುಹಾಜರಿ ವಜಾ ಅದರಿಂದ ಬೇರೆ. ಇಲ್ಲಿ ವಾದಿ ಸೋತಿಲ್ಲ, ಅವನ ಮಾತನ್ನು ಯಾರೂ ಕೇಳಿಯೇ ಇಲ್ಲ. ಸಂಹಿತೆಯ 2(2)ನೇ ಕಲಂ ಈ ಆದೇಶವನ್ನು ‘ಡಿಕ್ರಿ’ಯ ವ್ಯಾಖ್ಯೆಯಿಂದ ಸ್ಪಷ್ಟವಾಗಿ ಹೊರಗಿಟ್ಟಿದೆ. ನ್ಯಾಯಾಲಯದ ಪಡಸಾಲೆಯಲ್ಲಿ ಇದಕ್ಕೆ ‘ಡಿಫಾಲ್ಟ್ ಆಯ್ತು’ ಎನ್ನುತ್ತಾರೆ. ‘ನಡೆಸದ ಕಾರಣ ವಜಾ’ ಎಂಬುದು ಸ್ವಲ್ಪ ಅಗಲವಾದ ಮಾತು. ವಾದಿ ಎದುರಿಗೆ ನಿಂತಿದ್ದರೂ ದಾವೆಯನ್ನು ಮುಂದೊಯ್ಯದಿದ್ದಾಗ ಅದು ಸಲ್ಲುತ್ತದೆ. ವಾದಿಯಿದ್ದು ಪ್ರತಿವಾದಿ ಬಾರದಿದ್ದರೆ ನಡೆಯುವುದು ಏಕಪಕ್ಷೀಯ ವಿಚಾರಣೆ. ವಜಾ ಆದ ದಾವೆಯನ್ನು ಹಳೆಯ ಸಂಖ್ಯೆಯಲ್ಲೇ ಮತ್ತೆ ಎತ್ತಿಕೊಳ್ಳುವುದು ಪುನಃಸ್ಥಾಪನೆ.

ಹಿನ್ನೆಲೆ

ಸಣ್ಣ ಮೊತ್ತದ ವ್ಯಾಜ್ಯಕ್ಕೆ ಪ್ರತ್ಯೇಕ ನ್ಯಾಯಾಲಯ ಬೇಕೆಂಬ ವಿಚಾರ ಭಾರತದಲ್ಲಿ 1753ರ ರಾಜಸನ್ನದಿನಷ್ಟು ಹಳೆಯದು. ಮದರಾಸು, ಮುಂಬಯಿ, ಕಲ್ಕತ್ತಗಳಲ್ಲಿ ಆಗ ಹುಟ್ಟಿದ ‘ಕೋರ್ಟ್ ಆಫ್ ರಿಕ್ವೆಸ್ಟ್ಸ್’ 5 ವರಹದವರೆಗಿನ ದಾವೆಗಳನ್ನು ತೀರಿಸುತ್ತಿತ್ತು. 1850ರಲ್ಲಿ ಈ ಮೂರು ಪಟ್ಟಣಗಳಿಗೆ ಲಘು ವ್ಯವಹಾರ ನ್ಯಾಯಾಲಯಗಳು ಬಂದವು. ಒಳನಾಡಿನ ಪ್ರಾಂತಗಳಿಗೆ 1860, 1865ರ ಕಾಯ್ದೆಗಳ ಬಳಿಕ 1887ರ ಪ್ರಾಂತೀಯ ಲಘು ವ್ಯವಹಾರ ನ್ಯಾಯಾಲಯಗಳ ಕಾಯ್ದೆ ನೆಲೆನಿಂತಿತು. ಅದರ ಮೂಲ ಮಿತಿ 500 ರೂಪಾಯಿ. ಸರ್ಕಾರ ಬಯಸಿದರೆ 1,000ಕ್ಕೆ ಏರಿಸಬಹುದಿತ್ತು.

ಗೈರುಹಾಜರಿಯ ನಿಯಮಗಳು ಬೆಳೆದದ್ದು ಸಿವಿಲ್ ಪ್ರಕ್ರಿಯಾ ಸಂಹಿತೆಯ ದಾರಿಯಲ್ಲಿ. 1859, 1877, 1882ರ ಸಂಹಿತೆಗಳನ್ನು ಹಾದು ಅವು 1908ರ ಸಂಹಿತೆಯ 9ನೇ ಆದೇಶದ ರೂಪಕ್ಕೆ ಬಂದವು. 1976ರ ತಿದ್ದುಪಡಿಯೂ, 1999 ಮತ್ತು 2002ರಲ್ಲಿ ಅಂಗೀಕಾರವಾಗಿ 2002ರ ಜುಲೈ 1ರಿಂದ ಜಾರಿಗೆ ಬಂದ ತಿದ್ದುಪಡಿಗಳೂ ಗಡುವುಗಳನ್ನು ಬಿಗಿಗೊಳಿಸಿದವು. ರಾಜ್ಯ ಪುನರ್ವಿಂಗಡಣೆಯ ನಂತರ ಒಂದೊಂದು ಸೀಮೆಗೆ ಒಂದೊಂದು ಕಾನೂನು ಎಂಬಂತಿದ್ದ ಸ್ಥಿತಿಯನ್ನು ತೆಗೆದು ಇಡೀ ರಾಜ್ಯಕ್ಕೆ ಒಂದೇ ಕಾನೂನು ತಂದದ್ದು 1964ರ ಕಾಯ್ದೆ.

ಲಘು ವ್ಯವಹಾರ ನ್ಯಾಯಾಲಯದ ಸ್ವರೂಪ

ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯ ಪ್ರತ್ಯೇಕ ಸಂಸ್ಥೆಯಾಗಿದೆ. ಅದರ ನ್ಯಾಯಾಧೀಶರು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಕೆಲಸವನ್ನೂ ನಡೆಸುವುದರಿಂದ ನಗರದ ಬಹುಪಾಲು ಜನರಿಗೆ ಅದು ‘ಆಕ್ಸಿಡೆಂಟ್ ಕೇಸಿನ ಕೋರ್ಟು’ ಎಂದೇ ಪರಿಚಿತ. ಇತರ ಊರುಗಳಲ್ಲಿ ಸಿವಿಲ್ ನ್ಯಾಯಾಧೀಶರಿಗೇ ಲಘು ವ್ಯವಹಾರದ ಅಧಿಕಾರವನ್ನೂ ಕೊಟ್ಟಿರುತ್ತಾರೆ. ಅಲ್ಲಿ ಇಂಥ ದಾವೆ ‘ಎಸ್.ಸಿ.’ ಎಂಬ ಅಕ್ಷರಗಳೊಂದಿಗೆ ನೋಂದಣಿಯಾಗುತ್ತದೆ.

ವಿಚಾರಣೆ ಸಂಕ್ಷಿಪ್ತ. ಸ್ಥಿರಾಸ್ತಿಯ ಹಕ್ಕು, ಪಾಲು, ಕರಾರಿನ ನಿರ್ದಿಷ್ಟ ಪಾಲನೆ ಮುಂತಾದವು ಇದರ ವ್ಯಾಪ್ತಿಗೆ ಹೊರಗು. ತೀರ್ಪಿನ ಮೇಲೆ ಮೇಲ್ಮನವಿ ಇಲ್ಲ, ಪುನರೀಕ್ಷಣೆ ಮಾತ್ರ ಉಂಟು. ಬೇಗ ತೀರಲಿ ಎಂದು ಮಾಡಿದ ಈ ಕಟ್ಟುಪಾಡು ಗೈರುಹಾಜರಿಯ ಹೊತ್ತಿನಲ್ಲಿ ವಾದಿಯ ದಾರಿಯನ್ನೂ ಕಿರಿದು ಮಾಡುತ್ತದೆ. ಅದನ್ನು ಮುಂದೆ ವಿವರಿಸಿದೆ. ಸಂಹಿತೆಯ 50ನೇ ಆದೇಶ ಕೆಲವು ನಿಯಮಗಳನ್ನು ಲಘು ವ್ಯವಹಾರ ನ್ಯಾಯಾಲಯಗಳಿಗೆ ಅನ್ವಯಿಸದಂತೆ ಬಿಟ್ಟಿದೆ. 9ನೇ ಆದೇಶದ ಹಾಜರಿ, ಗೈರುಹಾಜರಿ ನಿಯಮಗಳು ಮಾತ್ರ ಅನ್ವಯಿಸುತ್ತವೆ.

ವಜಾ ಆಗುವ ಸಂದರ್ಭಗಳು

ಭಾರತದ ಕಾನೂನಿನ ಒಂದು ಲಕ್ಷಣವನ್ನು ಮೊದಲು ಗಮನಿಸಬೇಕು. ಇಷ್ಟು ವರ್ಷ ಕಳೆಯಿತು ಎಂಬ ಒಂದೇ ಕಾರಣಕ್ಕೆ ಇಲ್ಲಿ ದಾವೆ ತಾನಾಗಿ ಸಾಯುವುದಿಲ್ಲ. ಹತ್ತು ವರ್ಷ ನಡೆದ ದಾವೆಯೂ ವಾದಿ ಪ್ರತಿ ವಾಯಿದೆಗೆ ನಿಂತಿದ್ದರೆ ಉಳಿಯುತ್ತದೆ. ಎರಡು ತಿಂಗಳ ದಾವೆಯೂ ಒಂದು ಬೆಳಗ್ಗೆ ತಪ್ಪಿದರೆ ಬೀಳಬಹುದು. ಕಾನೂನು ಎಣಿಸುವುದು ಕಳೆದ ಕಾಲವನ್ನಲ್ಲ, ತಪ್ಪಿದ ದಿನವನ್ನು.

ಮೊದಲ ಅಪಾಯ ಸಮನ್ಸ್ ಹಂತದಲ್ಲೇ ಇದೆ. ಪ್ರತಿವಾದಿಗೆ ಸಮನ್ಸ್ ಹೋಗಬೇಕಾದರೆ ವಾದಿ ಜಾರಿಶುಲ್ಕ ಕಟ್ಟಬೇಕು, ವಾದಪತ್ರದ ಪ್ರತಿ ಕೊಡಬೇಕು. ಅವನ ಆ ಲೋಪದಿಂದ ಸಮನ್ಸ್ ಜಾರಿಯಾಗದಿದ್ದರೆ 9ನೇ ಆದೇಶದ 2ನೇ ನಿಯಮದಂತೆ ದಾವೆಯನ್ನು ವಜಾ ಮಾಡಬಹುದು; ಪ್ರತಿವಾದಿ ತಾನಾಗಿ ಬಂದಿದ್ದರೆ ಮಾಡುವಂತಿಲ್ಲ. ಸಮನ್ಸ್ ಹೋಗಿ ‘ವಿಳಾಸದಲ್ಲಿ ಇಲ್ಲ’, ‘ಮನೆ ಬೀಗ’ ಎಂಬ ಷರಾದೊಂದಿಗೆ ಮರಳಿದರೆ ಹೊಸ ಸಮನ್ಸ್‌ಗೆ ವಾದಿ 7 ದಿನದೊಳಗೆ ಅರ್ಜಿ ಹಾಕಬೇಕು. ಇದು 5ನೇ ನಿಯಮ. ಪ್ರತಿವಾದಿಯ ವಿಳಾಸ ಹುಡುಕಲು ತನ್ನ ಕೈಲಾದದ್ದೆಲ್ಲ ಮಾಡಿದ್ದೇನೆ, ಅಥವಾ ಅವನೇ ಸಮನ್ಸ್ ತಪ್ಪಿಸಿಕೊಳ್ಳುತ್ತಿದ್ದಾನೆ ಎಂದು ತೋರಿಸಿದರೆ ನ್ಯಾಯಾಲಯ ಕಾಲ ವಿಸ್ತರಿಸಬಹುದು. ಬಾಡಿಗೆ ಮನೆ ಬದಲಿಸುತ್ತ ಹೋಗುವ ಸಾಲಗಾರನ ಮೇಲಿನ ದಾವೆಗಳು ಎಡವುವುದು ಹೆಚ್ಚಾಗಿ ಈ ಮೆಟ್ಟಿಲಲ್ಲೇ.

ಎರಡನೆಯದು ವಿಚಾರಣೆಯ ದಿನದ ಗೈರು. ಜವಾನ ಹೆಸರು ಕೂಗಿದಾಗ ಎರಡೂ ಕಡೆಯವರು ಇಲ್ಲದಿದ್ದರೆ 3ನೇ ನಿಯಮ. ಪ್ರತಿವಾದಿ ಇದ್ದು ವಾದಿ ಮಾತ್ರ ಇಲ್ಲದಿದ್ದರೆ 8ನೇ ನಿಯಮ. ಎರಡರಲ್ಲೂ ಫಲ ವಜಾ. 8ನೇ ನಿಯಮದಲ್ಲಿ ಒಂದು ವಿನಾಯಿತಿ ಇದೆ: ಪ್ರತಿವಾದಿ ಹಣದ ಒಂದು ಭಾಗವನ್ನು ಒಪ್ಪಿಕೊಂಡರೆ ಅಷ್ಟಕ್ಕೆ ವಾದಿಯ ಪರ ಡಿಕ್ರಿ ಮಾಡಿ ಉಳಿದುದನ್ನು ವಜಾ ಮಾಡಬೇಕು. ವಾದಿ ಖುದ್ದಾಗಿ ಬರಲೇಬೇಕೆಂಬ ನಿಯಮ ಸಾಮಾನ್ಯವಾಗಿ ಇಲ್ಲ. ದಾವೆಯ ವಿಷಯ ತಿಳಿದ ವಕೀಲರು ನಿಂತರೆ ಅದು ಹಾಜರಿಯೇ.

ಮೂರನೆಯದು ಮುಂದೂಡಿದ ದಿನದ ಗೈರು. ಇದನ್ನು 17ನೇ ಆದೇಶ ನಿಯಂತ್ರಿಸುತ್ತದೆ. ವಿಚಾರಣೆಯ ಕಾಲದಲ್ಲಿ ಒಬ್ಬ ಪಕ್ಷಗಾರನಿಗೆ ಮೂರಕ್ಕಿಂತ ಹೆಚ್ಚು ವಾಯಿದೆ ಕೊಡಬಾರದು ಎಂಬ ಮಾತು 2002ರಲ್ಲಿ ಜಾರಿಗೆ ಬಂದದ್ದು. 2005ರ ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಪಕ್ಷಗಾರನ ಕೈಮೀರಿದ ಸಂದರ್ಭದಲ್ಲಿ ಮೂರು ದಾಟಿದರೂ ವಾಯಿದೆ ಕೊಡಬಹುದು ಎಂದಿತು. ಮುಂದೂಡಿದ ದಿನ ವಾದಿ ಬಾರದಿದ್ದರೆ 17ನೇ ಆದೇಶದ 2ನೇ ನಿಯಮದಂತೆ ನ್ಯಾಯಾಲಯ 9ನೇ ಆದೇಶಕ್ಕೆ ಮರಳಿ ವಜಾ ಮಾಡಬಹುದು ಅಥವಾ ಬೇರೆ ಸೂಕ್ತ ಆದೇಶ ಮಾಡಬಹುದು. ವಾದಿಯ ಸಾಕ್ಷ್ಯ ಪೂರ್ತಿಯಾಗಿಯೋ ಬಹುಪಾಲೋ ದಾಖಲಾಗಿದ್ದರೆ ಅವನು ಹಾಜರಿದ್ದಾನೆ ಎಂದೇ ಭಾವಿಸಿ ತೀರ್ಪು ಕೊಡಲು 1976ರಲ್ಲಿ ಸೇರಿಸಿದ ವಿವರಣೆ ಅವಕಾಶ ಕೊಟ್ಟಿದೆ. ಈ ಎರಡು ದಾರಿಗಳ ಅಂತರ ದೊಡ್ಡದು. ಮೊದಲನೆಯದರಲ್ಲಿ ಪುನಃಸ್ಥಾಪನೆಯ ಅರ್ಜಿ ಹಾಕಬಹುದು. ಎರಡನೆಯದು ಗುಣದೋಷದ ತೀರ್ಪು. ಅದನ್ನು ಮೇಲಿನ ನ್ಯಾಯಾಲಯದಲ್ಲೇ ಪ್ರಶ್ನಿಸಬೇಕು.

ದಾಖಲೆ ತೋರಿಸುವ ಆದೇಶ ಪಾಲಿಸದಿದ್ದರೆ 11ನೇ ಆದೇಶದ 21ನೇ ನಿಯಮದಂತೆ, ವೆಚ್ಚಕ್ಕೆ ಭದ್ರತೆ ಕೊಡದಿದ್ದರೆ 25ನೇ ಆದೇಶದಂತೆ ವಜಾ ಮಾಡಬಹುದು. ಸಣ್ಣ ದಾವೆಗಳಲ್ಲಿ ಇವು ವಿರಳ.

ಪರಿಣಾಮ: ಆ ದಿನ ಯಾರಿದ್ದರು?

ವಜಾ ಆದ ಮೇಲೆ ವಾದಿಯ ಮುಂದಿನ ದಾರಿ ಏನೆಂಬುದು ಆ ದಿನ ಎದುರಾಳಿ ಬಂದಿದ್ದನೇ ಎಂಬ ಒಂದು ಸಂಗತಿಯ ಮೇಲೆ ನಿಂತಿದೆ.

ಇಬ್ಬರೂ ಇರಲಿಲ್ಲವಾದರೆ, ಅಥವಾ ಜಾರಿಶುಲ್ಕ ಕಟ್ಟದ, ಪ್ರತಿ ಕೊಡದ ಲೋಪಕ್ಕೆ ವಜಾ ಆಗಿದ್ದರೆ, ವಾದಿಗೆ ಎರಡು ಬಾಗಿಲು ತೆರೆದಿವೆ. 4ನೇ ನಿಯಮದಂತೆ ಪುನಃಸ್ಥಾಪನೆ ಕೇಳಬಹುದು, ಇಲ್ಲವೇ ಅದೇ ಕಾರಣದ ಮೇಲೆ ಹೊಸ ದಾವೆ ಹೂಡಬಹುದು. ಪ್ರತಿವಾದಿ ಬಂದು ವಾದಿ ಮಾತ್ರ ತಪ್ಪಿದ್ದರೆ ಹೊಸ ದಾವೆಯ ಬಾಗಿಲು ಮುಚ್ಚಿತು. ಅದೇ ದಾವಾಕಾರಣದ ಮೇಲೆ ಮತ್ತೆ ದಾವೆ ಸಲ್ಲದು ಎಂದು 9ನೇ ನಿಯಮ ಹೇಳುತ್ತದೆ, ಪುನಃಸ್ಥಾಪನೆಯೊಂದೇ ಗತಿ. ಈ ತಡೆ ‘ಪೂರ್ವನ್ಯಾಯ’ ತತ್ವದಿಂದ ಬಂದದ್ದಲ್ಲ, ಏಕೆಂದರೆ ಇಲ್ಲಿ ಯಾವ ಪ್ರಶ್ನೆಯೂ ತೀರ್ಮಾನವಾಗಿಲ್ಲ. ದಾವಾಕಾರಣ ನಿಜಕ್ಕೂ ಬೇರೆಯಾಗಿದ್ದರೆ, ಉದಾಹರಣೆಗೆ ಹಿಂದಿನ ವರ್ಷದ ಬಾಡಿಗೆ ಬಾಕಿಯ ದಾವೆ ವಜಾ ಆಗಿ ಈ ವರ್ಷದ ಬಾಡಿಗೆ ಬಾಕಿ ಬಿದ್ದಿದ್ದರೆ, ಹೊಸ ಬಾಕಿಗೆ ತಡೆ ಇಲ್ಲ.

ಹೊಸ ದಾವೆಗೆ ಅವಕಾಶವಿದ್ದಲ್ಲೂ ಕಾಲಪರಿಮಿತಿ ಕಾಡುತ್ತದೆ. ಕೈಸಾಲ, ಸರಕಿನ ಹಣ ಮುಂತಾದವುಗಳಿಗೆ 3 ವರ್ಷದ ಮಿತಿ. ವಜಾ ಆದ ದಾವೆಯಲ್ಲಿ ಕಳೆದ ದಿನಗಳನ್ನು ಅದರಿಂದ ಕಳೆಯುವಂತಿಲ್ಲ. ಮೂರನೇ ವರ್ಷದ ಕೊನೆಯಲ್ಲಿ ಹೂಡಿದ ದಾವೆ ಬಿದ್ದರೆ ಹೊಸದನ್ನು ಹೂಡುವ ಹಕ್ಕು ಕಾಗದದ ಮೇಲಷ್ಟೇ ಉಳಿಯುತ್ತದೆ. ಕಾಲಮಿತಿ ಉಳಿದಿದ್ದರೂ ನ್ಯಾಯಾಲಯ ಶುಲ್ಕವನ್ನು ಮತ್ತೆ ಕಟ್ಟಬೇಕು.

ಪುನಃಸ್ಥಾಪನೆ

ವಜಾ ಆದ ದಿನದಿಂದ 30 ದಿನದೊಳಗೆ ಅರ್ಜಿ ಹಾಕಬೇಕು. ಕಾಲಪರಿಮಿತಿ ಕಾಯ್ದೆಯ 122ನೇ ಅನುಚ್ಛೇದ ಗೈರುಹಾಜರಿ, ನಡೆಸದಿರುವಿಕೆ, ಜಾರಿಶುಲ್ಕ ಕಟ್ಟದಿರುವಿಕೆ, ಭದ್ರತೆ ಕೊಡದಿರುವಿಕೆ ಎಲ್ಲಕ್ಕೂ ಇದೇ ಗಡುವನ್ನು ಇಟ್ಟಿದೆ. ಗಡುವು ಓಡತೊಡಗುವುದು ವಾದಿಗೆ ತಿಳಿದ ದಿನದಿಂದಲ್ಲ, ವಜಾ ಆದ ದಿನದಿಂದ. ಸಣ್ಣ ವ್ಯಾಜ್ಯಗಾರರು ಅತಿ ಹೆಚ್ಚು ಮುಗ್ಗರಿಸುವುದು ಈ ಒಂದು ಅಂಶದಲ್ಲಿ. ತಡವಾದರೆ ಅದೇ ಕಾಯ್ದೆಯ 5ನೇ ಕಲಂ ಅಡಿ ವಿಳಂಬ ಮನ್ನಾ ಕೋರಿ ಇನ್ನೊಂದು ಅರ್ಜಿ ಸೇರಿಸಬೇಕು.

ಅರ್ಜಿಯ ಜೊತೆ ಗೈರಿನ ಕಾರಣ ವಿವರಿಸುವ ಪ್ರಮಾಣಪತ್ರ, ಕಾಯಿಲೆಯಾಗಿದ್ದರೆ ವೈದ್ಯರ ಚೀಟಿ ಮುಂತಾದ ದಾಖಲೆ ಇರಬೇಕು. ಕರ್ನಾಟಕದಲ್ಲಿ ಇದಕ್ಕೆ ‘ಮಿಸಲೇನಿಯಸ್’ ಎಂದು ಪ್ರತ್ಯೇಕ ಸಂಖ್ಯೆ ಬೀಳುತ್ತದೆ. 9ನೇ ನಿಯಮದ ಅರ್ಜಿಯಲ್ಲಿ ಎದುರಾಳಿಗೆ ನೋಟಿಸ್ ಹೋಗದೆ ಆದೇಶ ಮಾಡುವಂತಿಲ್ಲ. 4ನೇ ನಿಯಮದಲ್ಲಿ ಅಂಥ ಕಡ್ಡಾಯವಿಲ್ಲ. ಎದುರಾಳಿ ಆಕ್ಷೇಪಿಸಿದರೆ ಅರ್ಜಿಯಲ್ಲೇ ಸಾಕ್ಷ್ಯ, ಪಾಟೀಸವಾಲು ನಡೆಯುತ್ತದೆ. ಹೀಗೆ ತಿಂಗಳುಗಳಲ್ಲಿ ಮುಗಿಯಬೇಕೆಂದು ಹೂಡಿದ ದಾವೆಯ ಒಡಲಿನಿಂದ ಇನ್ನೊಂದು ವ್ಯಾಜ್ಯವೇ ಹುಟ್ಟುತ್ತದೆ. ಅರ್ಜಿ ಒಪ್ಪಿದಾಗ ಎದುರಾಳಿಯ ಅಲೆದಾಟಕ್ಕೆ ವೆಚ್ಚ ಕೊಡಿಸುವುದು ರೂಢಿ. ಈ ಅರ್ಜಿಯೇ ಗೈರುಹಾಜರಿಯಿಂದ ವಜಾ ಆಗುವುದೂ ಉಂಟು.

ವಾದಿಯ ಸ್ಥಿತಿಯನ್ನು ಏಕಪಕ್ಷೀಯ ಡಿಕ್ರಿಗೆ ಗುರಿಯಾದ ಪ್ರತಿವಾದಿಯ ಸ್ಥಿತಿಯೊಂದಿಗೆ ಹೋಲಿಸಬಹುದು. 1887ರ ಕಾಯ್ದೆಯ 17ನೇ ಕಲಂ ಪ್ರಕಾರ, ಅಂಥ ಡಿಕ್ರಿ ರದ್ದು ಕೋರುವ ಪ್ರತಿವಾದಿ ಡಿಕ್ರಿಯ ಹಣವನ್ನು ಠೇವಣಿ ಇಡಬೇಕು ಅಥವಾ ಭದ್ರತೆ ಕೊಡಬೇಕು. ಇದು ಕಡ್ಡಾಯ ಎಂದು ಕೇದಾರನಾಥ್ ಪ್ರಕರಣದಲ್ಲಿ 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವಾದಿಗೆ ಇಂಥ ಠೇವಣಿಯ ಹೊರೆ ಇಲ್ಲ.

‘ಸಾಕಷ್ಟು ಕಾರಣ’

ಪುನಃಸ್ಥಾಪನೆಯ ತಿರುಳು ಈ ಎರಡು ಪದಗಳಲ್ಲಿದೆ. ಸಂಹಿತೆ ಇವನ್ನು ವ್ಯಾಖ್ಯಾನಿಸಿಲ್ಲ; ಅರ್ಥ ಬೆಳೆದದ್ದು ತೀರ್ಪುಗಳಲ್ಲಿ. 1955ರ ಸಂಗ್ರಾಮ್ ಸಿಂಗ್ ಪ್ರಕರಣದಲ್ಲಿ ನ್ಯಾಯಮೂರ್ತಿ ವಿವಿಯನ್ ಬೋಸ್ ಅವರು, ಪ್ರಕ್ರಿಯೆಯ ನಿಯಮಗಳಿರುವುದು ನ್ಯಾಯ ನಡೆಸಲು, ಜನರನ್ನು ಎಡವಿಸಲು ಅಲ್ಲ ಎಂಬ ನಿಲುವನ್ನು ತಳೆದರು; ಒಂದು ದಿನ ತಪ್ಪಿದವನು ಮುಂದಿನ ದಿನ ಬಂದು ಅಲ್ಲಿಂದ ಪಾಲ್ಗೊಳ್ಳಬಹುದು ಎಂದರು. 1964ರ ಅರ್ಜುನ್ ಸಿಂಗ್ ಪ್ರಕರಣ ಸಂಹಿತೆ ಬೇರೆ ಬೇರೆ ಕಡೆ ಬಳಸುವ ‘ಯುಕ್ತ ಕಾರಣ’, ‘ಸಾಕಷ್ಟು ಕಾರಣ’ಗಳ ಸಂಬಂಧವನ್ನು ಚರ್ಚಿಸಿತು. 1987ರ ಕಾತಿಜಿ ಪ್ರಕರಣ ವಿಳಂಬ ಮನ್ನಾದಲ್ಲಿ ಉದಾರ ದೃಷ್ಟಿಗೆ ಒತ್ತು ಕೊಟ್ಟಿತು. 1998ರ ಎನ್. ಬಾಲಕೃಷ್ಣನ್ ಪ್ರಕರಣದಲ್ಲಿ ವಿಳಂಬ 883 ದಿನ. ದಿನಗಳ ಸಂಖ್ಯೆಗಿಂತ ವಿವರಣೆ ನಂಬುವಂಥದ್ದೇ ಎಂಬುದು ಮುಖ್ಯ ಎಂದು ಹೇಳಿ ನ್ಯಾಯಾಲಯ ಅದನ್ನು ಮನ್ನಿಸಿತು. 2011ರ ಪರಿಮಳ್ ವಿರುದ್ಧ ವೀಣಾ ಪ್ರಕರಣ ಅಳತೆಗೋಲನ್ನು ಇನ್ನಷ್ಟು ಸ್ಪಷ್ಟಪಡಿಸಿತು: ಪಕ್ಷಗಾರ ಪ್ರಾಮಾಣಿಕವಾಗಿ ಹಾಜರಾಗಲು ಬಯಸಿದ್ದನೇ, ಅದಕ್ಕೆ ತಕ್ಕ ಪ್ರಯತ್ನ ಮಾಡಿದ್ದನೇ ಎಂಬುದನ್ನು ನೋಡಬೇಕು.

ಕಾಯಿಲೆ, ಮನೆಯಲ್ಲಿ ಸಾವು, ಬಸ್ಸು ಕೆಟ್ಟದ್ದು, ದಿನಾಂಕವನ್ನು ತಪ್ಪಾಗಿ ಬರೆದುಕೊಂಡದ್ದು ಸಾಮಾನ್ಯವಾಗಿ ಮುಂದಿಡುವ ಕಾರಣಗಳು. ಒಂದೇ ಕಾರಣ ಮೊದಲ ಸಲ ನಡೆದು ಮೂರನೇ ಸಲ ನಡೆಯದಿರಬಹುದು. ಹಿಂದಿನ ವಾಯಿದೆಗಳಲ್ಲಿ ವಾದಿ ಹೇಗೆ ನಡೆದುಕೊಂಡ ಎಂಬುದು ಆರ್ಡರ್ ಶೀಟಿನಲ್ಲಿ ದಾಖಲಾಗಿರುತ್ತದೆ.

ವಕೀಲರ ತಪ್ಪಿಗೆ ಕಕ್ಷಿದಾರನನ್ನು ದಂಡಿಸಬೇಕೇ ಎಂಬುದು ಪದೇ ಪದೇ ಏಳುವ ಪ್ರಶ್ನೆ. 1981ರ ರಫೀಕ್ ವಿರುದ್ಧ ಮುನ್ಷಿಲಾಲ್ ಪ್ರಕರಣದಲ್ಲಿ, ವಕೀಲರನ್ನು ನೇಮಿಸಿ ಶುಲ್ಕ ಕೊಟ್ಟು ಊರಿಗೆ ಮರಳಿದ ಹಳ್ಳಿಯವನು ಅವರ ಗೈರಿಗೆ ಬೆಲೆ ತೆರಬಾರದು ಎಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. 1993ರ ಸಲಿಲ್ ದತ್ತ ಪ್ರಕರಣ ಅದಕ್ಕೆ ಮೇರೆ ಹಾಕಿತು: ಅದೇ ನಗರದಲ್ಲಿ ಕಚೇರಿಯಿರುವ ಕಂಪನಿ ಎಲ್ಲ ಹೊಣೆಯನ್ನೂ ವಕೀಲರ ಮೇಲೆ ಹೊರಿಸಿ ಪಾರಾಗುವಂತಿಲ್ಲ. ಈ ಎರಡು ತೀರ್ಪುಗಳನ್ನು ಒಟ್ಟಿಗೆ ಓದಿದರೆ ಕಾನೂನು ಪಕ್ಷಗಾರನ ಓದು, ದೂರ, ಅನುಕೂಲಗಳನ್ನು ತೂಗುತ್ತದೆ ಎಂಬುದು ಕಾಣುತ್ತದೆ.

ಮೇಲಿನ ಪರಿಹಾರ

ಗೈರುಹಾಜರಿ ವಜಾ ಡಿಕ್ರಿ ಅಲ್ಲವಾದ್ದರಿಂದ ಅದರ ಮೇಲೆ ನೇರ ಮೇಲ್ಮನವಿ ಇಲ್ಲ. 9ನೇ ನಿಯಮದ ಅರ್ಜಿ ತಿರಸ್ಕೃತವಾದರೆ 43ನೇ ಆದೇಶದಂತೆ ಮೇಲ್ಮನವಿ ಉಂಟು. ಆದರೆ ಮೂಲ ದಾವೆ ಮೇಲ್ಮನವಿಗೆ ಅರ್ಹವಾಗಿದ್ದರೆ ಮಾತ್ರ. ಲಘು ವ್ಯವಹಾರ ದಾವೆ ಅಂಥದ್ದಲ್ಲ. ಅಲ್ಲಿ ಉಳಿಯುವುದು ಪುನರೀಕ್ಷಣೆ, ಮತ್ತು ಅದರಲ್ಲಿ ನ್ಯಾಯಾಲಯ ಕೈಹಾಕುವ ಎಲ್ಲೆ ಮೇಲ್ಮನವಿಯಷ್ಟು ವಿಶಾಲವಲ್ಲ.

ಹೋಲುವ, ಆದರೆ ಬೇರೆಯಾದ ಆದೇಶಗಳು

ಶುಲ್ಕದ ಕೊರತೆ ಮುಂತಾದ ಕಾರಣಕ್ಕೆ 7ನೇ ಆದೇಶದ 11ನೇ ನಿಯಮದಂತೆ ವಾದಪತ್ರವನ್ನು ತಿರಸ್ಕರಿಸುವುದು ಡಿಕ್ರಿಗೆ ಸಮ. ಹೊಸ ವಾದಪತ್ರಕ್ಕೆ ಅಡ್ಡಿಯಿಲ್ಲ. ಪಕ್ಷಗಾರ ತೀರಿಕೊಂಡು 90 ದಿನದೊಳಗೆ ವಾರಸುದಾರರನ್ನು ಸೇರಿಸದಿದ್ದರೆ ದಾವೆ ಉಪಶಮನವಾಗುತ್ತದೆ. ಅದನ್ನು ರದ್ದು ಮಾಡಿಸಲು ಮತ್ತೆ 60 ದಿನ.

ಡಿಕ್ರಿ ಸಿಕ್ಕ ಬಳಿಕವೂ ಗೈರಿನ ಭಯ ಮುಗಿಯುವುದಿಲ್ಲ. ಹಣ ವಸೂಲಿಗೆ ಹಾಕಿದ ಅಮಲ್ಜಾರಿ ಅರ್ಜಿ 21ನೇ ಆದೇಶದ 105ನೇ ನಿಯಮದಂತೆ ವಜಾ ಆಗಬಹುದು. ಅದರ ಪುನಃಸ್ಥಾಪನೆಗೂ 30 ದಿನವೇ, ಆದರೆ ಇಲ್ಲಿ ಕಾಲಪರಿಮಿತಿ ಕಾಯ್ದೆಯ 5ನೇ ಕಲಮಿನ ವಿಳಂಬ ಮನ್ನಾ ಸಿಗದು ಎಂದು 2005ರ ದಾಮೋದರನ್ ಪಿಳ್ಳೈ ಪ್ರಕರಣದಲ್ಲಿ ತೀರ್ಮಾನವಾಗಿದೆ. ಡಿಕ್ರಿಯ 12 ವರ್ಷದ ಮಿತಿಯೊಳಗೆ ಹೊಸ ಅಮಲ್ಜಾರಿ ಅರ್ಜಿ ಹಾಕಬಹುದೆಂಬುದು ಡಿಕ್ರಿದಾರನಿಗಿರುವ ಆಸರೆ.

ಗ್ರಾಹಕ ಆಯೋಗಗಳಲ್ಲಿ

ಕೊಂಡ ವಸ್ತು, ಪಡೆದ ಸೇವೆಯ ಸಣ್ಣ ತಗಾದೆಗಳು ಈಗ ಹೆಚ್ಚಾಗಿ ಜಿಲ್ಲಾ ಗ್ರಾಹಕ ಆಯೋಗಗಳಿಗೆ ಹೋಗುತ್ತವೆ. ಅಲ್ಲಿ ದೂರು ಗೈರುಹಾಜರಿಯಿಂದ ವಜಾ ಆದರೆ ಸ್ಥಿತಿ ಇನ್ನೂ ಬಿಗಿ. ಕಾಯ್ದೆ ಅಧಿಕಾರ ಕೊಡದ ಕಾರಣ ಜಿಲ್ಲಾ ಮತ್ತು ರಾಜ್ಯ ವೇದಿಕೆಗಳು ತಮ್ಮದೇ ಅಂಥ ಆದೇಶವನ್ನು ರದ್ದು ಮಾಡುವಂತಿಲ್ಲ ಎಂದು 2011ರ ರಾಜೀವ್ ಹಿತೇಂದ್ರ ಪಾಠಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಜಿಲ್ಲಾ ಆಯೋಗಕ್ಕೆ ಕೊಟ್ಟದ್ದು ದಾಖಲೆಯಲ್ಲೇ ಎದ್ದು ಕಾಣುವ ತಪ್ಪನ್ನು ಸರಿಪಡಿಸುವ ಪುನರ್ವಿಮರ್ಶೆಯ ಅಧಿಕಾರವನ್ನು. ಆದ್ದರಿಂದ ಗೈರಾದ ದೂರುದಾರ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬೇಕಾಗುತ್ತದೆ.

ಇತರ ದೇಶಗಳಲ್ಲಿ

ಕಾಲ ಕಳೆದುದಕ್ಕೇ ದಾವೆ ತೆಗೆದುಹಾಕುವ ಪದ್ಧತಿ ಕೆನಡಾದ ಒಂಟಾರಿಯೊ ಪ್ರಾಂತದಲ್ಲಿದೆ. ಅಲ್ಲಿನ ಸಣ್ಣ ದಾವೆಗಳ ನ್ಯಾಯಾಲಯದ ನಿಯಮ 11.1ರಂತೆ, ದಾವೆ ಹೂಡಿ 2 ವರ್ಷ ಕಳೆದರೂ ಅದು ತೀರ್ಮಾನವಾಗದೆ, ವಿಚಾರಣೆಯ ಹಂತಕ್ಕೂ ಬಾರದೆ ಇದ್ದರೆ ನ್ಯಾಯಾಲಯದ ಗುಮಾಸ್ತರೇ ಅದನ್ನು ‘ಕೈಬಿಟ್ಟದ್ದು’ ಎಂದು ವಜಾ ಮಾಡುತ್ತಾರೆ. ಇಂಗ್ಲೆಂಡಿನ ಕೌಂಟಿ ನ್ಯಾಯಾಲಯಗಳಲ್ಲಿ 1990ರಿಂದ ಕೆಲವು ವರ್ಷ ಇದಕ್ಕಿಂತ ಯಾಂತ್ರಿಕವಾದ ನಿಯಮವಿತ್ತು. ವಾದ ಪ್ರತಿವಾದಗಳ ಸಲ್ಲಿಕೆ ಮುಗಿದು 15 ತಿಂಗಳೊಳಗೆ ವಿಚಾರಣೆಯ ದಿನ ಕೇಳದಿದ್ದರೆ ದಾವೆ ತಾನೇ ತಾನಾಗಿ ರದ್ದಾಗುತ್ತಿತ್ತು. ಅದರ ಅರ್ಥದ ಬಗ್ಗೆಯೇ ರಾಶಿ ರಾಶಿ ವ್ಯಾಜ್ಯ ಎದ್ದಿತು. ಈಗ ಅಲ್ಲಿ 10,000 ಪೌಂಡ್‌ವರೆಗಿನ ಬಹುತೇಕ ಹಣದ ದಾವೆಗಳು ಸಣ್ಣ ದಾವೆಗಳ ವಿಭಾಗಕ್ಕೆ ಹೋಗುತ್ತವೆ. ಗೈರಾದವರು ತೀರ್ಪು ಕೈಸೇರಿದ 14 ದಿನದೊಳಗೆ ಅದನ್ನು ರದ್ದು ಮಾಡಿಸಲು ಕೇಳಬೇಕು. ಕಾರಣದ ಜೊತೆಗೆ ಗೆಲ್ಲುವ ಸಂಭವವಿದೆ ಎಂದೂ ಅವರು ತೋರಿಸಬೇಕು. ಭಾರತದಲ್ಲಿ ವಾದಿಯಿಂದ ಈ ಎರಡನೆಯದನ್ನು ಕಾನೂನು ಕೇಳುವುದಿಲ್ಲ.

ಇಂದಿನ ಸ್ಥಿತಿ

ಇ-ಕೋರ್ಟ್ಸ್ ಯೋಜನೆಯಿಂದ ವಾಯಿದೆಯ ದಿನಾಂಕ, ದೈನಂದಿನ ಆದೇಶಗಳು ಮೊಬೈಲಿನಲ್ಲೇ ಸಿಗುತ್ತವೆ. ಹಿಂದೆ ವಕೀಲರ ಗುಮಾಸ್ತರ ಡೈರಿಯನ್ನೇ ನಂಬಿದ್ದ ವಾದಿ ಈಗ ತಾನೇ ನೋಡಬಹುದು. ಹಾಗೆಯೇ ದಿನಾಂಕ ತಿಳಿದಿರಲಿಲ್ಲ ಎಂಬ ವಿವರಣೆಗೆ ಮೊದಲಿನಷ್ಟು ತೂಕ ಉಳಿದಿಲ್ಲ. ಕೋವಿಡ್ ಕಾಲದಲ್ಲಿ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಅವಧಿಯನ್ನು ಎಲ್ಲ ಕಾಲಪರಿಮಿತಿಗಳಿಂದ ಕಳೆಯುವಂತೆ ಸುಪ್ರೀಂ ಕೋರ್ಟ್ ಆದೇಶಿಸಿದ್ದರಿಂದ ಆಗ ಬಿದ್ದ ದಾವೆಗಳ 30 ದಿನದ ಗಡುವೂ ಹಿಗ್ಗಿತು.

ಕರ್ನಾಟಕದಲ್ಲಿ 2005ರ ಪ್ರಕರಣ ನಿರ್ವಹಣಾ ನಿಯಮಗಳು ಅಧೀನ ನ್ಯಾಯಾಲಯಗಳ ದಾವೆಗಳನ್ನು ಬಗೆಯ ಪ್ರಕಾರ ವಿಂಗಡಿಸಿ ಕಾಲದ ಗುರಿ ಇಟ್ಟಿವೆ. ಬಾಕಿ ಕರಗಿಸುವ ಒತ್ತಡ ನ್ಯಾಯಾಲಯಗಳ ಮೇಲಿದೆ. ವಿಲೇವಾರಿಯ ಲೆಕ್ಕದಲ್ಲಿ ಗೈರುಹಾಜರಿ ವಜಾವೂ ಒಂದು ವಿಲೇವಾರಿಯೇ. ಅದು ಪುನಃಸ್ಥಾಪನೆಯಾಗಿ ಮರಳಿದಾಗ ಅದೇ ದಾವೆ ಮತ್ತೊಮ್ಮೆ ಬಾಕಿಯ ಪಟ್ಟಿಗೆ ಸೇರುತ್ತದೆ. ಆದ್ದರಿಂದ ವಿಲೇವಾರಿಯ ಅಂಕಿಗಳನ್ನು ಓದುವಾಗ ಎಷ್ಟು ದಾವೆಗಳು ವಿಚಾರಣೆಯಿಂದ ಮುಗಿದವು, ಎಷ್ಟು ಗೈರಿನಿಂದ ಬಿದ್ದವು ಎಂಬುದನ್ನು ಬೇರೆ ಮಾಡಿಯೇ ನೋಡಬೇಕು. ಸಣ್ಣ ಹಣದ ದಾವೆಗಳನ್ನು ಲೋಕ ಅದಾಲತ್‌ಗೆ ಕಳಿಸುವುದೂ ಹೆಚ್ಚಿದೆ. ರಾಜಿಯಾದರೆ ಮಾತ್ರ ಅದಾಲತ್ ಆದೇಶ ಮಾಡಬಹುದು. ವ್ಯಾಜ್ಯ ತೀರ್ಮಾನಿಸುವ ಅಧಿಕಾರ ಅದಕ್ಕಿಲ್ಲ ಎಂದು 2008ರ ಜಲೌರ್ ಸಿಂಗ್ ಪ್ರಕರಣ ಸ್ಪಷ್ಟಪಡಿಸಿದೆ. ರಾಜಿಯಾಗದ ದಾವೆ ಬಂದ ನ್ಯಾಯಾಲಯಕ್ಕೇ ಮರಳಿ, ಅಲ್ಲಿ ಹೊಸ ವಾಯಿದೆ ಪಡೆಯುತ್ತದೆ.